ಗಿಡದ ಹೇನಿಗೆಲ್ಲಾ ವಿಷ ಯಾಕೆ?

ಬೆಂಗಳೂರಲ್ಲಿ ತಾರಸಿ ಮೇಲೆ ಅಲಸಂದೆ ಹಾಕಿರೋರಿಗೆ ಕುಡಿಗೆ ಮುತ್ತಿಕೊಳ್ಳೋ ಕಪ್ಪು ಹೇನು ಗೊತ್ತೇ ಇರುತ್ತೆ. ಕಂಡ ತಕ್ಷಣ ಅಂಗಡಿಗೆ ಓಡಿ ಇಮಿಡಾಕ್ಲೋಪ್ರಿಡ್ ತರೋದು ನನಗಂತೂ ಸರಿ ಅನ್ಸಲ್ಲ. ಅದು ಗಿಡದ ರಸದೊಳಗೇ ಸೇರುತ್ತೆ. ನಾವು ದಿನ ಬಿಟ್ಟು ದಿನ ಕಿತ್ತು ಪಲ್ಯ ಮಾಡೋದು ಅದೇ ಗಿಡದ ಕಾಯಿ!

ಇನ್ನೊಂದು ವಿಷಯ. ಹೆಣ್ಣು ಹೇನು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತೆ; ಆ ಮರಿ ವಾರ-ಹತ್ತು ದಿನದಲ್ಲಿ ತಾನೂ ಮರಿ ಹಾಕುತ್ತೆ. ಹೇನು ತಿನ್ನೋ ಗುಲಗಂಜಿ ಹುಳು ಅಷ್ಟು ಬೇಗ ಹೆಚ್ಚಲ್ಲ. ವಿಷ ಹೊಡೆದ್ರೆ ಎರಡೂ ಸಾಯ್ತವೆ, ಮೊದಲು ವಾಪಸ್ ಬರೋದು ಹೇನೇ. ಆಮೇಲೆ ಮತ್ತೆ ಔಷಧಿ... ಬಗ್ ಹುಡುಕದೆ ಪ್ಯಾಚ್ ಮೇಲೆ ಪ್ಯಾಚ್ ಹಾಕಿದ ಹಾಗೆ.

ಹಾಗಾದ್ರೆ ಏನು ಮಾಡೋದು? ಎಲೆಯ ಅಡಿಭಾಗಕ್ಕೆ ಪೈಪಿಂದ ಜೋರಾಗಿ ನೀರು ಬಿಡಿ. ತೀರಾ ಮುತ್ತಿದ ಕುಡಿ ಚಿವುಟಿ ಹಾಕಿ. ಆಮೇಲೂ ಹೆಚ್ಚಿದ್ರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಇರುವೆ ಸಾಲನ್ನೂ ತಡೀರಿ. ಹೇನು ಸುರಿಸೋ ಸಿಹಿ ಅಂಟಿನ ಆಸೆಗೆ ಅವು ಗುಲಗಂಜಿ ಹುಳುವನ್ನ ಓಡಿಸ್ತವೆ. ಗುಲಗಂಜಿಯ ಮರಿ ಕಪ್ಪಗೆ, ಪುಟ್ಟ ಮೊಸಳೆ ಥರ ಇರುತ್ತೆ, ಹೊಸಕಿ ಹಾಕಬೇಡಿ.

ನಾಲ್ಕು ಹೇನು ಉಳಿದ್ರೆ ಉಳೀಲಿ ಬಿಡಿ. ಗುಲಗಂಜಿಗೂ ಊಟ ಬೇಕಲ್ವಾ?