ಕಿತ್ತಳೆಯ ಬಣ್ಣವೂ ನಮ್ಮ ತೀರ್ಪೂ

ಸಂತೆಯಲ್ಲಿ ಕಿತ್ತಳೆಹಣ್ಣಿನ ಎರಡು ರಾಶಿಗಳು ಅಕ್ಕಪಕ್ಕದಲ್ಲಿವೆ ಎಂದಿಟ್ಟುಕೊಳ್ಳೋಣ. ಒಂದು ರಾಶಿಯ ಹಣ್ಣುಗಳು ಕೆಂಡದಂತೆ ಕಣ್ಸೆಳೆಯುತ್ತವೆ. ಇನ್ನೊಂದರ ಸಿಪ್ಪೆಯಲ್ಲಿ ಹಸುರು ಇನ್ನೂ ಮಾಸಿಲ್ಲ. ನಮ್ಮ ಕೈ ಯಾವ ರಾಶಿಯ ಕಡೆಗೆ ಹೋಗುವುದೆಂದು ಹೇಳಲು ಜೋಯಿಸರೇನೂ ಬೇಕಾಗಿಲ್ಲ. ಮೊದಲನೆಯದನ್ನು ಹಣ್ಣೆಂದು ಚೀಲಕ್ಕೆ ತುಂಬಿಕೊಳ್ಳುತ್ತೇವೆ. ಎರಡನೆಯದನ್ನು ಕಾಯಿಯೆಂದು ಬಿಟ್ಟುಬರುತ್ತೇವೆ. ತೊಳೆ ಬಿಡಿಸಿ ಬಾಯಿಗಿಡುವ ಮೊದಲೇ ತೀರ್ಪು ಮುಗಿದುಹೋಗಿರುತ್ತದೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ತರಗತಿಯಲ್ಲಿ "ಕಿತ್ತಳೆ ಬಣ್ಣವೆಂದರೇನು?" ಎಂದು ಕೇಳಿದರೆ ವಿದ್ಯಾರ್ಥಿಗಳು ತಡವರಿಸುವುದಿಲ್ಲ. "ಸುಮಾರು 590ರಿಂದ 620 ನ್ಯಾನೋಮೀಟರ್ ತರಂಗಾಂತರದ ಬೆಳಕು" ಎಂದು ಉತ್ತರಿಸುತ್ತಾರೆ. ಅಧ್ಯಾಪಕರಾದ ನಾವೂ ಪೂರ್ಣಾಂಕಗಳನ್ನು ಕೊಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಉತ್ತರವೇನೋ ತಪ್ಪಲ್ಲ. ಆದರೆ ಅದನ್ನು ಬಾಯಿಪಾಠ ಮಾಡಿದವನು ಸಂತೆಗೆ ಹೋದಾಗ ಅದರಿಂದ ಅವನಿಗೆ ಕಾಸಿನ ಪ್ರಯೋಜನವೂ ಆಗದು. ಬಣ್ಣದ ಪಾಠವು ತರಂಗಾಂತರದಲ್ಲಿ ಮುಗಿಯಕೂಡದು, "ಈ ಬಣ್ಣ ಇಲ್ಲಿಗೆ ಹೇಗೆ ಬಂತು?" ಎಂಬ ಪ್ರಶ್ನೆಯೂ ಅದರಲ್ಲಿ ಸೇರಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಇದಕ್ಕೆ ಸಮರ್ಥನೆಯಾಗಿ ಒಂದು ಸುಲಭವಾದ ಪ್ರಯೋಗವನ್ನು ಸೂಚಿಸುತ್ತೇವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ಸೋಡಿಯಂ ದೀಪ, ಬಿಸಿಲಿನಲ್ಲಿಟ್ಟ ಒಂದು ಕಿತ್ತಳೆಹಣ್ಣು, ಅದೇ ಬಣ್ಣವನ್ನು ಪರದೆಯ ತುಂಬ ತೋರಿಸುತ್ತಿರುವ ಒಂದು ಮೊಬೈಲ್ ಫೋನ್, ಈ ಮೂರನ್ನೂ ತೆಗೆದುಕೊಳ್ಳಿರಿ. ಇವುಗಳ ಬೆಳಕನ್ನು ಕಿರಿದಾದ ಸೀಳಿನ ಮೂಲಕ ಹಾಯಿಸಿ ಹಳೆಯ ಸಿ.ಡಿ. ತಟ್ಟೆಯ ಮೇಲೆ ಬೀಳಿಸಿದರೆ, ತಟ್ಟೆಯ ನವುರಾದ ಗೆರೆಗಳು ಆ ಬೆಳಕನ್ನು ರೋಹಿತವಾಗಿ ಬಿಡಿಸಿ ತೋರಿಸುತ್ತವೆ. ಸೋಡಿಯಂ ದೀಪದ ರೋಹಿತದಲ್ಲಿ 589 ನ್ಯಾನೋಮೀಟರಿನ ಬಳಿ ಹಳದಿಗೂ ಕಿತ್ತಳೆಗೂ ನಡುವಣ ಒಂದೇ ಗೆರೆ ಎದ್ದು ಕಾಣುವುದು. ಹಣ್ಣಿನಿಂದ ಬರುವ ಬೆಳಕಿನಲ್ಲಿ ಕೆಂಪು, ಕಿತ್ತಳೆ, ಹಳದಿಗಳಲ್ಲದೆ ಒಂದಿಷ್ಟು ಹಸುರೂ ಇರುವುದು. ನೀಲಿ ಮಾತ್ರ ಬಹುಮಟ್ಟಿಗೆ ಕಾಣೆಯಾಗಿರುವುದು. ಇನ್ನು ಮೊಬೈಲಿನ ಪರದೆ ಎಲ್ಲಕ್ಕಿಂತ ಸೋಜಿಗದ್ದು. ಅದರಲ್ಲಿ ಕೆಂಪು, ಹಸುರು, ನೀಲಿ ಬಣ್ಣಗಳ ಸಣ್ಣ ಸಣ್ಣ ಬಿಂದುಗಳಿವೆಯೇ ಹೊರತು ಕಿತ್ತಳೆಯ ಬಿಂದುವೇ ಇಲ್ಲ! ಕೆಂಪನ್ನು ಹೆಚ್ಚಾಗಿಯೂ ಹಸುರನ್ನು ಕಡಮೆಯಾಗಿಯೂ ಬೆಳಗಿಸಿ ಅದು ನಮ್ಮ ಕಣ್ಣಿಗೆ ಕಿತ್ತಳೆಯನ್ನು ಉಣಬಡಿಸುತ್ತದೆ.

ಕಣ್ಣು ಏಕೆ ಹೀಗೆ ಮೋಸಹೋಗುತ್ತದೆ? ಅದರ ಅಕ್ಷಿಪಟದಲ್ಲಿ ಬಣ್ಣವನ್ನರಿಯುವ ಕೋಶಗಳು ಮೂರೇ ಬಗೆಯವು. ಅವು ಮೂರರ ಪ್ರಚೋದನೆಯ ಪ್ರಮಾಣ ಒಂದೇ ಆಗಿದ್ದರೆ ಸಾಕು, ಬೆಳಕಿನ ಘಟಕಗಳು ಬೇರೆಬೇರೆಯಾಗಿದ್ದರೂ ಮಿದುಳು ಒಂದೇ ಹೆಸರು ಹೇಳುತ್ತದೆ. ಕಿರಣಗಳಿಗೆ ಸ್ವತಃ ಬಣ್ಣವಿಲ್ಲ, ಬಣ್ಣದ ಅನುಭವವನ್ನು ಎಬ್ಬಿಸುವ ಶಕ್ತಿ ಮಾತ್ರ ಅವುಗಳಿಗುಂಟು ಎಂಬುದನ್ನು ನ್ಯೂಟನ್ 1704ರಲ್ಲಿ ಪ್ರಕಟವಾದ ತನ್ನ ದೃಗ್ವಿಜ್ಞಾನ ಗ್ರಂಥದಲ್ಲಿಯೇ ಎಚ್ಚರಿಕೆಯಿಂದ ಹೇಳಿದ್ದನು. ನಮ್ಮ ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಹೂವಿನ ಬಣ್ಣಗಳ ಮತ್ತು ದೃಷ್ಟಿಯ ಅಧ್ಯಯನಕ್ಕೆ ಮೀಸಲಿಟ್ಟು, 1968ರಲ್ಲಿ ದೃಷ್ಟಿಯ ಶರೀರಕ್ರಿಯೆಯನ್ನು ಕುರಿತ ಗ್ರಂಥವನ್ನೇ ಪ್ರಕಟಿಸಿದರು. ಬಣ್ಣವು ಬೆಳಕು, ವಸ್ತು, ಕಣ್ಣು ಈ ಮೂರೂ ಕೂಡಿ ಆಡುವ ಆಟ ಎಂಬುದು ಇದರಿಂದ ವಿದಿತವಾಗುತ್ತದೆ.

ಈಗ ಮತ್ತೆ ಹಣ್ಣಿನ ಬಳಿಗೆ ಬರೋಣ. ಅದರ ನೀಲಿಯನ್ನು ನುಂಗಿದವರು ಯಾರು? ಸಿಪ್ಪೆಯಲ್ಲಿರುವ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯಗಳು. ಗಜ್ಜರಿಯಲ್ಲಿ ಹೇರಳವಾಗಿರುವ ಬೀಟಾ ಕೆರೋಟಿನ್ ಈ ಮನೆತನಕ್ಕೇ ಸೇರಿದ್ದು. ಅದರ ಅಣುವಿನಲ್ಲಿ 40 ಇಂಗಾಲದ ಪರಮಾಣುಗಳಿದ್ದು, 11 ಜೋಡಿಬಂಧಗಳು ಒಂದು ಬಿಟ್ಟು ಒಂದರಂತೆ ಸಾಲಾಗಿ ನಿಂತಿವೆ. ಈ ಉದ್ದನೆಯ ಸಾಲಿನಲ್ಲಿ ಹರಡಿಕೊಂಡ ಎಲೆಕ್ಟ್ರಾನುಗಳು 450 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ; ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಆದರೆ ಸಿಪ್ಪೆಯಲ್ಲಿ ಪತ್ರಹರಿತ್ತು ಇರುವವರೆಗೆ ಹಸುರೇ ಮೇಲುಗೈ. ಅದು ಕರಗಿಹೋಗಬೇಕಾದರೆ ರಾತ್ರಿಗಳು ತಂಪಾಗಿರಬೇಕು. ಬೆಚ್ಚನೆಯ ಸೀಮೆಗಳಲ್ಲಿ ಒಳಗಿನ ತೊಳೆ ಸಿಹಿಯಾಗಿ ಮಾಗಿದ್ದರೂ ಹೊರಗಿನ ಸಿಪ್ಪೆ ಹಸುರಾಗಿಯೇ ಉಳಿಯುವುದುಂಟು. ನಮ್ಮ ಕೊಡಗಿನ ಕಿತ್ತಳೆಯ ಲಕ್ಷಣವೇ ಹಸುರು ಬೆರೆತ ಹಳದಿ ಸಿಪ್ಪೆ. ಅದು ಅದರ ಕುಲದ ಗುರುತೇ ಹೊರತು ಕೊರತೆಯಲ್ಲ.

ಇದರ ವಿರುದ್ಧ ಪಾರ್ಶ್ವವನ್ನೂ ನೋಡಬೇಕು. ಕಿತ್ತಳೆ, ನಿಂಬೆಗಳ ಜಾತಿಯ ಹಣ್ಣುಗಳು ಗಿಡದಿಂದ ಕಿತ್ತ ಮೇಲೆ ಬಾಳೆ, ಮಾವುಗಳಂತೆ ಮುಂದೆ ಮಾಗುವುದಿಲ್ಲ. ಕೊಯ್ಯುವಾಗ ಇದ್ದಷ್ಟೇ ಸಿಹಿ. ಅಂತಹ ಹಣ್ಣುಗಳನ್ನು ಎಥಿಲೀನ್ ಅನಿಲವಿರುವ ಕೋಣೆಯಲ್ಲಿಟ್ಟರೆ ಸಿಪ್ಪೆಯ ಪತ್ರಹರಿತ್ತು ಅಳಿದು ಕಿತ್ತಳೆ ಬಣ್ಣ ಹೊರಬೀಳುತ್ತದೆ. ಈ ಅನಿಲ ಗಿಡಗಳೇ ತಯಾರಿಸಿಕೊಳ್ಳುವಂಥದು. ಇದರಲ್ಲಿ ವಿಷದ ಮಾತೇನೂ ಇಲ್ಲ. ಆದರೆ ಹೊರಗಿನ ಬಣ್ಣ ಬದಲಾಯಿತೇ ಹೊರತು ಒಳಗಿನ ಸಿಹಿ ಎಳ್ಳಷ್ಟೂ ಹೆಚ್ಚಲಿಲ್ಲ ಎಂಬುದನ್ನು ಕೊಳ್ಳುವವನು ಅರಿತಿರಬೇಡವೆ? ಬಣ್ಣಕ್ಕೆ ಬೆಲೆ ಕೊಡುವವರು ನಾವಾದರೆ, ವ್ಯಾಪಾರಿ ಬಣ್ಣವನ್ನೇ ಮಾರುತ್ತಾನೆ. ಅವನನ್ನು ದೂರಿ ಫಲವಿಲ್ಲ.

ಹಾಗಾದರೆ ಬಣ್ಣವನ್ನು ನಂಬಲೇ ಬಾರದೆ ಎಂದು ವಾಚಕರು ಕೇಳಬಹುದು. ನಂಬಬಹುದು, ಕಾರಣ ತಿಳಿದಿದ್ದರೆ. ಇದಕ್ಕೆ ಬೆಕ್ಕೇ ಸಾಕ್ಷಿ. ನಾವು ಕೆಂಚು ಬೆಕ್ಕೆಂದು ಕರೆಯುವ ಪ್ರಾಣಿಯ ಮೈಬಣ್ಣವೂ ಒಂದು ಬಗೆಯ ಕಿತ್ತಳೆಯೇ. ಆದರೆ ಅದರ ರೋಮದಲ್ಲಿರುವುದು ಕೆರೋಟಿನ್ ಅಲ್ಲ, ಫಿಯೋಮೆಲನಿನ್ ಎಂಬ ಬೇರೊಂದು ದ್ರವ್ಯ. ಅದನ್ನು ತಯಾರಿಸೆಂದು ಆಜ್ಞಾಪಿಸುವ ಜೀನು ಎಕ್ಸ್ ವರ್ಣತಂತುವಿನ ಮೇಲಿದೆ. ಅಲ್ಲಿ ಸುಮಾರು 5,100 ಅಕ್ಷರಗಳಷ್ಟು ಡಿ.ಎನ್.ಎ. ತುಂಡು ಕಳೆದುಹೋಗಿರುವುದೇ ಈ ಬಣ್ಣಕ್ಕೆ ಮೂಲವೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಜಪಾನಿನ ಕ್ಯುಶು ವಿಶ್ವವಿದ್ಯಾನಿಲಯಗಳ ತಂಡಗಳು ಪ್ರತ್ಯೇಕವಾಗಿ ಕಂಡುಹಿಡಿದು 2025ರಲ್ಲಿ ಪ್ರಕಟಿಸಿದವು.

ಗಂಡುಬೆಕ್ಕಿಗೆ ಎಕ್ಸ್ ವರ್ಣತಂತು ಒಂದೇ, ಹೆಣ್ಣಿಗೆ ಎರಡು. ಒಂದೂರಿನ ಬೆಕ್ಕುಗಳಲ್ಲಿ ಐದು ಎಕ್ಸ್‌ಗಳಿಗೆ ಒಂದರಂತೆ ಕೆಂಚು ಜೀನು ಇದೆಯೆಂದು ಊಹಿಸಿಕೊಳ್ಳಿರಿ. 100 ಗಂಡುಗಳಲ್ಲಿ 20 ಕೆಂಚಾಗುವುವು. ಹೆಣ್ಣು ಪೂರ್ತಿ ಕೆಂಚಾಗಲು ಎರಡು ಪ್ರತಿಗಳೂ ಬೇಕಾದುದರಿಂದ 100 ಹೆಣ್ಣುಗಳಲ್ಲಿ 4 ಮಾತ್ರ. ಕೆಂಚು ಬೆಕ್ಕುಗಳಲ್ಲಿ ಗಂಡುಗಳೇ ಹೆಚ್ಚೆಂಬ ಅನುಭವಕ್ಕೆ ಇದೇ ಕಾರಣ. ಒಂದೇ ಪ್ರತಿಯುಳ್ಳ ಹೆಣ್ಣಿನಲ್ಲಿ ಕೆಲವು ಕೋಶಗಳು ಒಂದು ಎಕ್ಸನ್ನೂ ಉಳಿದವು ಇನ್ನೊಂದನ್ನೂ ಸುಮ್ಮನಿರಿಸುವುದರಿಂದ ಮೈಮೇಲೆ ಕಪ್ಪು ಮತ್ತು ಕೆಂಚು ತೇಪೆಗಳು ಮೂಡುತ್ತವೆ. ಈ ತತ್ತ್ವವನ್ನು ಇಂಗ್ಲೆಂಡಿನ ಮೇರಿ ಲಯನ್ 1961ರಲ್ಲಿ ಮಂಡಿಸಿದರು. ಆದುದರಿಂದ ಅಂಗಳದಲ್ಲಿ ಕಪ್ಪು-ಕೆಂಚು ತೇಪೆಯ ಬೆಕ್ಕೊಂದು ಮಲಗಿದ್ದರೆ, ಅದನ್ನು ಎಬ್ಬಿಸದೆಯೇ ಹೆಣ್ಣೆಂದು ಹೇಳಿಬಿಡಬಹುದು. ತಪ್ಪಾಗುವುದು ತೀರ ಅಪರೂಪ. ಕಾರಣವನ್ನರಿತವನಿಗೆ ಬಣ್ಣ ನಿಜ ನುಡಿಯುತ್ತದೆ, ಅರಿಯದವನನ್ನು ವಂಚಿಸುತ್ತದೆ.

ಈ ವಂಚನೆ ಒಮ್ಮೊಮ್ಮೆ ಆರೋಗ್ಯಕ್ಕೂ ಕೇಡು ತರುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಬೇಕಾಯಿತು. ಹೂಕೋಸಿಗೆ ಹುಟ್ಟಿನಿಂದ ಇಲ್ಲದ ಕೆಂಬಣ್ಣವು ಬಾಣಲೆಯಲ್ಲಿ ಎಲ್ಲಿಂದ ಬಂತೆಂದು ತಿನ್ನುವವರು ಕೇಳಿದ್ದರೆ ಕಾನೂನಿಗೆ ಅಷ್ಟು ಕೆಲಸವಿರುತ್ತಿರಲಿಲ್ಲ. ಕಾನೂನು ಬೇಕು, ನಿಜ. ಆದರೆ ಪ್ರತಿಯೊಂದು ಬಾಣಲೆಯ ಬಳಿಯೂ ಅಧಿಕಾರಿಯನ್ನು ನಿಲ್ಲಿಸುವುದಾಗದು. ಕೇಳುವ ಅಭ್ಯಾಸವನ್ನು ಕಲಿಸಬೇಕಾದ ಸ್ಥಳ ಶಾಲೆಯೇ.

"ಪಠ್ಯಕ್ರಮ ಮುಗಿಸಲೇ ಹೊತ್ತು ಸಾಲದು, ಇವೆಲ್ಲಕ್ಕೆ ಎಡೆಯೆಲ್ಲಿ?" ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು, ನಾವೇ ಹಲವು ಸಲ ಹಾಗೆ ಹೇಳಿದ್ದೇವೆ. ಆದರೆ ಮೇಲೆ ಹೇಳಿದ ಪ್ರಯೋಗಕ್ಕೆ ಬೇಕಾದುದು ಒಂದು ಪಿರಿಯಡ್ಡು, ಒಂದು ಹಳೆಯ ತಟ್ಟೆ, ಒಂದು ಹಣ್ಣು. ಪ್ರಶ್ನಪತ್ರಿಕೆಯಲ್ಲಿ "ತರಂಗಾಂತರವೆಷ್ಟು?" ಎಂಬುದರ ಜೊತೆಗೆ "ಹಣ್ಣಿನ ಕಿತ್ತಳೆಗೂ ಪರದೆಯ ಕಿತ್ತಳೆಗೂ ವ್ಯತ್ಯಾಸವೇನು?" ಎಂದು ಕೇಳಿದರೆ ಸಾಕು, ಪಾಠವೂ ತಾನಾಗಿ ಬದಲಾಗುವುದು.

ವಿದ್ಯಾರ್ಥಿಗಳು ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಮುಂದಿನ ಸಂತೆಯ ದಿನ ಹಸುರು ಸಿಪ್ಪೆಯ ಒಂದು ಕಿತ್ತಳೆಯನ್ನೂ ಕೆಂಡದ ಬಣ್ಣದ ಒಂದು ಕಿತ್ತಳೆಯನ್ನೂ ಕೊಂಡುತನ್ನಿರಿ. ಕಣ್ಣುಮುಚ್ಚಿ ಎರಡನ್ನೂ ತಿಂದುನೋಡಿ, ಆಮೇಲೆ ತೀರ್ಪು ಕೊಡಿರಿ.