ವಿದ್ಯಾರ್ಥಿವೇತನದ ಅರ್ಜಿ

ಮಕ್ಕಳ ಕಾಲೇಜು ವಿದ್ಯಾಭ್ಯಾಸಕ್ಕೆ ಸರ್ಕಾರದಿಂದ ದೊರೆಯತಕ್ಕ ದ್ರವ್ಯಸಹಾಯದ ವಿಷಯದಲ್ಲಿ ನಾಲ್ಕು ಮಾತು ಬರೆಯಬೇಕೆಂದು ಬಹು ದಿನಗಳಿಂದ ನಮ್ಮ ಮನಸ್ಸಿನಲ್ಲಿದ್ದಿತು. ದ್ವಿತೀಯ ಪಿ.ಯು.ಸಿ. ಫಲಿತಾಂಶವು ಹೊರಬಿದ್ದ ಕೂಡಲೆ ಯಾವ ಕಾಲೇಜು, ಯಾವ ವಿಷಯ ಎಂದು ಮನೆಮನೆಯಲ್ಲಿಯೂ ಚರ್ಚೆ ನಡೆಯುವುದು. ಸಹಾಯದ ಅರ್ಜಿಯ ಮಾತು ಮಾತ್ರ ಕೊನೆಯ ದಿನಾಂಕವು ಹತ್ತಿರ ಬಂದ ಮೇಲೆಯೇ ಏಳುವುದು. ಹೀಗೆ ಅವಸರದಲ್ಲಿ ಹೊರಟ ಅರ್ಜಿಗಳಲ್ಲಿ ಬಹಳಷ್ಟು ನಮ್ಮ ಮನೆಗಳ ಕಾಗದಪತ್ರಗಳ ದೋಷದಿಂದಲೇ ಮುಗ್ಗರಿಸಿ ಬೀಳುತ್ತವೆಯೆಂಬುದನ್ನು ಗೃಹಸ್ಥರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಅರ್ಜಿ ಹಾಕುವುದೇ ಅಗೌರವವೆಂದು ಭಾವಿಸುವ ಮನೆಗಳೂ ಉಂಟು. ಮಗಳ ಓದನ್ನು ನಿಲ್ಲಿಸುವರೇ ಹೊರತು ಕಚೇರಿಯ ಮುಂದೆ ನಿಲ್ಲಲಾರರು. ಈ ಸಂಕೋಚವು ನಮಗೆ ಅರ್ಥವಾಗುವುದಿಲ್ಲ. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ಕಿನ ಮುಂದಿನ ಓದಿಗಾಗಿ ವೇತನ ಕೊಡುವ ಏರ್ಪಾಟು ಸ್ವಾತಂತ್ರ್ಯಕ್ಕೆ ಮೊದಲೇ, 1944ರಲ್ಲಿ, ಆರಂಭವಾಯಿತು. ಹಾಸ್ಟೆಲಿನಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ಮಕ್ಕಳ ಊಟವಸತಿಗೆಂದು ಕರ್ನಾಟಕ ಸರ್ಕಾರವು 2013-14ರಲ್ಲಿ ವಿದ್ಯಾಸಿರಿಯನ್ನು ತಂದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳ ಹಣವನ್ನು ಗೊತ್ತುಮಾಡಿತು. ಇವೆಲ್ಲವೂ ಶಾಸನಸಭೆಯ ಒಪ್ಪಿಗೆಯಿಂದ ಬೊಕ್ಕಸದಲ್ಲಿ ತೆಗೆದಿಟ್ಟ ಹಣ. ಯಾರ ಮನೆಯ ದಾನವೂ ಅಲ್ಲ.

ರಾಜ್ಯದ ವಿವಿಧ ಇಲಾಖೆಗಳ ವೇತನಗಳಿಗೆ ಈಗ ಎಸ್.ಎಸ್.ಪಿ. ಎಂಬ ಒಂದೇ ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕುದು. ಕೇಂದ್ರದವುಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನದ ತಾಣ ಬೇರೆಯುಂಟು. ಇವುಗಳಲ್ಲಿ ಅರ್ಜಿಗೆ ಶುಲ್ಕವಿಲ್ಲ. ತುಂಬಿಕೊಡುವ ಅಂಗಡಿಯವರು ತಮ್ಮ ಶ್ರಮಕ್ಕೆ ಕೇಳುವ ಹಣವೇ ಖರ್ಚು.

ಮೊದಲನೆಯ ತೊಡಕು ಹೆಸರಿನದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರಿನ ಕೊನೆಗೆ ಒಂದಕ್ಷರದ ಇನಿಷಿಯಲ್ ಇರುವುದು. ಆಧಾರಿನಲ್ಲಿ ತಂದೆಯ ಹೆಸರೇ ಪೂರ್ತಿಯಾಗಿ ಸೇರಿರುವುದು. ಜಾತಿ ಪ್ರಮಾಣಪತ್ರದಲ್ಲಿ ಎರಡೂ ಇಲ್ಲದಿರುವುದು. ಮನೆಯವರ ಕಣ್ಣಿಗೆ ಇವು ಮೂರೂ ಒಂದೇ ಮಗು, ಯಂತ್ರಕ್ಕೆ ಮೂವರು. ಅಂಕಪಟ್ಟಿ ಸರಿಯಾಗಿದ್ದರೆ ಆಧಾರನ್ನು ಅದಕ್ಕೆ ಹೊಂದಿಸುವುದು ಸುಲಭ. ಆದರೆ ಆಧಾರಿನಲ್ಲಿ ಹೆಸರನ್ನು 2 ಸಲ, ಜನ್ಮದಿನಾಂಕವನ್ನು 1 ಸಲ ಮಾತ್ರ ಬದಲಾಯಿಸಲು ಅವಕಾಶವಿರುವುದರಿಂದ ಅಕ್ಷರಕ್ಷರವನ್ನೂ ನೋಡಿಯೇ ಒಪ್ಪಿಗೆ ಕೊಡಬೇಕು. ಅಂಕಪಟ್ಟಿಯೇ ತಪ್ಪಾಗಿದ್ದಲ್ಲಿ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಬರೆದುಕೊಳ್ಳಬೇಕು. ಅದಕ್ಕೆ ಕಾಲಾವಕಾಶ ಬೇಕು. ಹುಡುಗನು ಪ್ರಥಮ ಪಿ.ಯು.ಸಿ.ಯಲ್ಲಿರುವಾಗಲೇ ಈ ಕೆಲಸವನ್ನು ಮುಗಿಸಿಕೊಳ್ಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಪಡೆಯಬಹುದು. ಅವುಗಳ ಮೇಲೆ ಆರ್.ಡಿ. ಎಂದು ಆರಂಭವಾಗುವ ಸಂಖ್ಯೆಯೇ ಅರ್ಜಿಗೆ ಮುಖ್ಯ. ಆದಾಯಪತ್ರಕ್ಕೆ 5 ವರ್ಷ ಮಾತ್ರ ಆಯುಸ್ಸು. ಪ್ರೌಢಶಾಲೆಯ ದಿನಗಳಲ್ಲಿ ಮಾಡಿಸಿದ್ದುದು ಕಾಲೇಜಿನ ನಡುವೆ ಮುಗಿದುಹೋಗುವ ಸಂಭವವುಂಟು. ಆದಾಯದ ಮಿತಿಯು ವರ್ಗಕ್ಕೊಂದು, ಯೋಜನೆಗೊಂದು ಇರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದದೆ ನೆರೆಯವರ ಮಾತನ್ನು ನಂಬಿ ‘ನಮಗೆ ಬರುವುದಿಲ್ಲ’ ಎಂದು ಸುಮ್ಮನಾಗಬಾರದು.

ಎಲ್ಲಕ್ಕಿಂತ ಹೆಚ್ಚಿನ ದುಃಖಕ್ಕೆ ಕಾರಣವಾಗಿರುವುದು ಬ್ಯಾಂಕಿನ ವಿಷಯ. ಅರ್ಜಿ ಮಂಜೂರಾಯಿತೆಂದು ತಾಣವು ಹೇಳುವುದು, ಕೈಗೆ ಮಾತ್ರ ಕಾಸು ಬಾರದು. ಇಂಥ ಹಣವು ಆಧಾರ್ ಸಂಖ್ಯೆಯನ್ನು ಹಿಡಿದು ಸಾಗುವುದರಿಂದ ಆ ಸಂಖ್ಯೆಗೆ ಕೊನೆಯ ಸಲ ಯಾವ ಬ್ಯಾಂಕಿನ ಖಾತೆಯನ್ನು ಜೋಡಿಸಿತ್ತೋ ಅಲ್ಲಿಗೇ ಹೋಗಿ ಸೇರುವುದು. ಅಜ್ಜನ ಊರಿನಲ್ಲಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾಗ ತೆರೆದ ಖಾತೆ, ಪಾಸ್‌ಪುಸ್ತಕ ಎಲ್ಲಿದೆಯೋ ತಿಳಿಯದು, ಅದರಲ್ಲಿ ಬರೆಸಿದ್ದುದು ಸೋದರಮಾವನ ಹಳೆಯ ದೂರವಾಣಿ ಸಂಖ್ಯೆ: ಒಂದು ವರ್ಷದ ಶುಲ್ಕವು ಅಲ್ಲಿ ನಿದ್ರಿಸುತ್ತಿರುವಾಗ ಇಲ್ಲಿ ತಾಯಿ ಕೊರಳ ಸರವನ್ನು ಒತ್ತೆಯಿಡುವಳು. ಹೊಸ ಖಾತೆಗೆ ಆಧಾರ್ ಕೊಟ್ಟಿದ್ದೇವೆಂದ ಮಾತ್ರಕ್ಕೆ ಸಾಲದು. ಹಣ ಪಡೆಯುವ ಖಾತೆ ಇದೇ ಎಂದು ಬ್ಯಾಂಕಿನವರು ಎನ್.ಪಿ.ಸಿ.ಐ. ದಾಖಲೆಯಲ್ಲಿ ಸೇರಿಸಬೇಕು. ಬ್ಯಾಂಕಿನಲ್ಲಿ ಈ ಹೆಸರನ್ನೇ ಹಿಡಿದು ಕೇಳಿರಿ. ಈಗ ಯಾವ ಬ್ಯಾಂಕು ಜೋಡಣೆಯಾಗಿದೆಯೆಂಬುದನ್ನು ಆಧಾರಿನ ತಾಣದಲ್ಲಿ ಮನೆಯಿಂದಲೇ ನೋಡಬಹುದು. ಅರ್ಜಿಗೆ ಮೊದಲು ಈ ಒಂದನ್ನಾದರೂ ನೋಡಿಕೊಂಡರೆ ಎಷ್ಟೋ ಕಣ್ಣೀರು ಉಳಿದೀತು.

ಅಂಗಡಿಯಲ್ಲಿ ತುಂಬಿಸುವಾಗ ಅಲ್ಲಿಯವರದೇ ದೂರವಾಣಿ ಸಂಖ್ಯೆಯನ್ನು ಬರೆಸಿ ಬರುವ ಪದ್ಧತಿಯೊಂದು ಬಂದಿದೆ. ಮರುವರ್ಷ ಅಂಗಡಿ ಮುಚ್ಚಿದ್ದರೆ ಗುಪ್ತಪದ ಬದಲಾಯಿಸುವ ದಾರಿಯೂ ಮುಚ್ಚಿದಂತೆಯೆ. ಸಂಖ್ಯೆಯು ತಂದೆಯದೋ ತಾಯಿಯದೋ ಆಗಿರಲಿ. ಅರ್ಜಿಯ ಸ್ವೀಕೃತಿಯ ಪ್ರತಿಯು ಅಡಿಗೆಮನೆಯ ಮೊಳೆಗೆ ಸಿಕ್ಕಿಸಿದ ಬಿಲ್ಲುಗಳ ನಡುವೆ ಸೇರದೆ ಅಂಕಪಟ್ಟಿಯ ಜೊತೆಯಲ್ಲಿರಲಿ.

ಸರ್ಕಾರದವರಲ್ಲಿಯೂ ನಮ್ಮ ಬಿನ್ನಹವೊಂದುಂಟು. ಕಾಲೇಜು ಶುಲ್ಕವನ್ನು ಪ್ರವೇಶದ ದಿನವೇ ಕೇಳುವುದು. ವೇತನವು ವರ್ಷದ ಕಡೆಗೋ ಮರುವರ್ಷಕ್ಕೋ ಬಂದು ಸೇರಿದ ನಿದರ್ಶನಗಳನ್ನು ನಾವು ಬಲ್ಲೆವು. ಬಿತ್ತನೆಯ ಬೀಜವನ್ನು ಸುಗ್ಗಿಯಲ್ಲಿ ಹಂಚಿದರೆ ರೈತನಿಗಾಗುವ ಉಪಕಾರವೆಷ್ಟು? ಅಲ್ಲಿಯವರೆಗೆ ಮೊದಲ ಕಂತನ್ನು ಮನೆಯಲ್ಲಿಯೇ ಹೊಂದಿಸಿಕೊಳ್ಳಬೇಕಾದೀತು. ಅರ್ಹರಾದವರು ಶುಲ್ಕದ ರಿಯಾಯಿತಿಯನ್ನು ಪ್ರವೇಶಕ್ಕೆ ಮೊದಲೇ ಕಾಲೇಜಿನಲ್ಲಿ ವಿಚಾರಿಸಬೇಕು.

ಒಮ್ಮೆ ದೊರೆತ ವೇತನವು ತಾನಾಗಿ ಮುಂದುವರಿಯುವುದಿಲ್ಲ. ದ್ವಿತೀಯ ಪಿ.ಯು.ಸಿ.ಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಕೇಂದ್ರವು ಪದವಿ ತರಗತಿಯಲ್ಲಿ ವರ್ಷಕ್ಕೆ 12,000 ರೂಪಾಯಿ ಕೊಡುವ ಯೋಜನೆಯಲ್ಲಿ ನವೀಕರಣಕ್ಕೆ ನೂರಕ್ಕೆ 50 ಅಂಕ, 75 ಹಾಜರಿ ಬೇಕು. ಜಾತ್ರೆಗೆ, ನೆಂಟರ ಮದುವೆಗೆಂದು ಮಗಳನ್ನು ವಾರಗಟ್ಟಲೆ ಊರಿನಲ್ಲಿ ಉಳಿಸಿಕೊಳ್ಳುವ ಮೊದಲು ಹಾಜರಿಯ ಲೆಕ್ಕವನ್ನು ಅವಳನ್ನೇ ಕೇಳುವುದು ಒಳ್ಳೆಯದು. ವಿದ್ಯಾಭ್ಯಾಸದ ಸಾಲದ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.