ಲಾಭ ಕಂಪೆನಿಗೆ, ಕಂತು ಚಾಲಕನಿಗೆ

ಆ್ಯಪ್ ಮೂಲಕ ಟ್ಯಾಕ್ಸಿ, ರಿಕ್ಷಾ ಒದಗಿಸುವ ಕಂಪೆನಿಗಳ ವ್ಯವಹಾರ ಬಾಳಿಕೆ ಬರುವಂಥದ್ದೇ? ಷೇರು ಮಾರುಕಟ್ಟೆ ಪ್ರವೇಶಿಸಿದ 2019ರಲ್ಲಿ ಉಬರ್ ಸುಮಾರು 850 ಕೋಟಿ ಡಾಲರ್ ನಷ್ಟ ತೋರಿಸಿತ್ತು. 2023ರಲ್ಲಿ ಅದು ಲಾಭಕ್ಕೆ ಮರಳಿದಾಗ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಹಲವರು ಭಾವಿಸಿದರು. ಆದರೆ ಬಾಳಿಕೆಯನ್ನು ಅಳೆಯಬೇಕಾದುದು ಕಂಪೆನಿಯ ಲೆಕ್ಕಪುಸ್ತಕದಿಂದ ಮಾತ್ರವಲ್ಲ, ಚಾಲಕನ ಮನೆಯ ಲೆಕ್ಕದಿಂದಲೂ ಎಂಬುದು ನಮ್ಮ ನಿಲುವು.

ಆರಂಭದ ವರ್ಷಗಳಲ್ಲಿ ಈ ಕಂಪೆನಿಗಳು ಹೂಡಿಕೆದಾರರ ಹಣದಿಂದ ಪ್ರಯಾಣಿಕರಿಗೆ ಅಗ್ಗದ ದರವನ್ನೂ ಚಾಲಕರಿಗೆ ಪ್ರೋತ್ಸಾಹಧನವನ್ನೂ ನೀಡಿದವು. ಅದನ್ನೇ ಶಾಶ್ವತ ಆದಾಯವೆಂದು ನಂಬಿ ಸಾವಿರಾರು ಯುವಕರು ಸಾಲ ಮಾಡಿ ಕಾರು ಕೊಂಡರು. ಪ್ರೋತ್ಸಾಹಧನ ಇಳಿಯಿತು, ಸಾಲದ ಕಂತು ಇಳಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಚಾಲಕರು ಮುಷ್ಕರ ಹೂಡಿದ್ದು ಈ ಕಾರಣಕ್ಕಾಗಿಯೇ.

2022ರಲ್ಲಿ ಬೆಂಗಳೂರಿನಲ್ಲಿ ರಿಕ್ಷಾದ ಕನಿಷ್ಠ ದರ 30 ರೂಪಾಯಿ. ಆ್ಯಪ್‌ಗಳು ಅಷ್ಟೇ ದೂರಕ್ಕೆ 100 ರೂಪಾಯಿ ವಸೂಲು ಮಾಡುತ್ತಿವೆ ಎಂಬ ದೂರುಗಳು ಬಂದಾಗ ಸರಕಾರ ಮಧ್ಯಪ್ರವೇಶಿಸಿ, ಸೇವಾಶುಲ್ಕವನ್ನು ತೆರಿಗೆಯ ಹೊರತು ಶೇ. 5ಕ್ಕೆ ಮಿತಿಗೊಳಿಸಿತು. 2024ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ 2022ರಲ್ಲಿ ರಿಕ್ಷಾ ಚಾಲಕರ ಸಂಘಟನೆಯ ಸಹಯೋಗದೊಂದಿಗೆ ಆರಂಭವಾದ 'ನಮ್ಮ ಯಾತ್ರಿ' ಕಮಿಷನ್ ಇಲ್ಲದೆ ನಡೆಯಿತು. ಮರುವರ್ಷ ಅದು ಚಾಲಕರಿಗೆ ನಿಗದಿಪಡಿಸಿದ ಶುಲ್ಕ ದಿನಕ್ಕೆ ಕೇವಲ 25 ರೂಪಾಯಿ. 2025ರ ವೇಳೆಗೆ ಉಬರ್, ಓಲಾಗಳೂ ರಿಕ್ಷಾಗಳ ವಿಷಯದಲ್ಲಿ ಇದೇ ಹಾದಿ ಹಿಡಿದವು. ಹಾಗಾದರೆ ಈವರೆಗೆ ಕಿತ್ತುಕೊಂಡ ದೊಡ್ಡ ಪಾಲು ಯಾವ ಸೇವೆಯ ಬೆಲೆ?

ಆದರೆ ಶುಲ್ಕ ನಿಗದಿಯಾದ ಮಾತ್ರಕ್ಕೆ ನ್ಯಾಯ ದೊರೆಯದು. ಬಾಡಿಗೆ ಸಿಗದ ದಿನದ ನಷ್ಟವೆಲ್ಲ ಚಾಲಕನ ತಲೆಯ ಮೇಲೆಯೇ ಬೀಳುತ್ತದೆ. ವ್ಯಾಪಾರ ಪರಸ್ಪರ ಒಪ್ಪಿಗೆಯಿಂದ, ಸ್ಪಷ್ಟ ಷರತ್ತುಗಳೊಂದಿಗೆ ನಡೆಯಬೇಕೆಂಬುದು ಇಸ್ಲಾಮಿನ ನಿಯಮ. ಅಸ್ಪಷ್ಟತೆಯ ಕರಾರನ್ನು ಶರೀಅತ್ 'ಗರರ್' ಎಂದು ನಿಷೇಧಿಸಿದೆ. ದರ ಹೇಗೆ ನಿರ್ಧಾರವಾಗುತ್ತದೆಂದೇ ತಿಳಿಯದ ಚಾಲಕನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾದೀತೇ? ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯು ಶೇ. 1ರಿಂದ 5ರವರೆಗಿನ ಕಲ್ಯಾಣ ಶುಲ್ಕವನ್ನು ಕಂಪೆನಿಗಳ ಮೇಲೆ ವಿಧಿಸಿದೆ. ಕಾರಣ ತಿಳಿಸದೆ ಕಾರ್ಮಿಕನನ್ನು ಕೈಬಿಡದಂತೆ ತಡೆದಿದೆ. ಇದು ಸ್ವಾಗತಾರ್ಹ. ಆದರೆ ಕಾನೂನು ಕಡತದಲ್ಲೇ ಉಳಿಯಬಾರದು.

ನಮ್ಮ ಕುಟುಂಬಗಳಿಗೂ ಒಂದು ಮಾತು. ತಾಯಿಯ ಬಳೆ ಮಾರಿ, ಬಡ್ಡಿಯ ಸಾಲ ಪಡೆದು ಮಗನಿಗೆ ಕಾರು ಕೊಡಿಸುವ ಮುನ್ನ ಇಂಧನ, ವಿಮೆ, ಟಯರು, ರಿಪೇರಿ, ಕಾಯಿಲೆ ಬಿದ್ದ ದಿನಗಳು - ಎಲ್ಲವನ್ನೂ ಕಳೆದು ಉಳಿಯುವುದೆಷ್ಟೆಂದು ಲೆಕ್ಕ ಹಾಕಿರಿ. ಮದುವೆಯ ಆಡಂಬರಕ್ಕೆ ಲಕ್ಷಗಟ್ಟಲೆ ಸುರಿಯುವ ಸಮುದಾಯವು ಬಡ್ಡಿರಹಿತ ಸಾಲನಿಧಿಗಳನ್ನು ಬಲಪಡಿಸಲಾರದೇ? ಜಮಾಅತ್‌ಗಳು ಈ ಬಗ್ಗೆ ಗಂಭೀರವಾಗಿ ಚಿಂತಿಸಬೇಕಾಗಿದೆ. ಬಡ್ಡಿಯ ಕಂತು ಬೆನ್ನಟ್ಟದ ಚಾಲಕನಷ್ಟೇ ನಷ್ಟದ ಬಾಡಿಗೆಗೆ ಒಲ್ಲೆ ಎನ್ನಬಲ್ಲನು.